ಪಂಪಿನ ಮುಂದೆ ಒಂದು ತಣ್ಣನೆಯ ಗೋಡೆ

ಮೇಜಿನ ಮೇಲೆ ಇಟ್ಟಿರುವ ಈ ಗಾಜಿನ ಸಾಮಾನನ್ನು ನೋಡಿ. ಹೊರಗೊಂದು ದಪ್ಪ ಕೊಳವೆ, ಅದರ ತಳ ಮುಚ್ಚಿದೆ. ಅದರೊಳಗೆ ಮೇಲಿನಿಂದ ಇಳಿದ ಒಂದು ಸಣ್ಣ ಕೊಳವೆ, ತಳ ಮುಟ್ಟುವ ಮೊದಲೇ ನಿಂತಿದೆ. ಪಕ್ಕಕ್ಕೊಂದು ಬಾಯಿ, ಮೇಲಕ್ಕೊಂದು ಬಾಯಿ. ತಿರುಗುವ ಭಾಗ ಇಲ್ಲ, ವೈರು ಇಲ್ಲ, ಬಟನ್ ಇಲ್ಲ. ಕೋಲ್ಡ್ ಟ್ರ್ಯಾಪ್ ಅಂದರೆ ಇಷ್ಟೇ. ಸ್ಯಾಂಪಲ್ ಇರುವ ಫ್ಲಾಸ್ಕಿಗೂ ವ್ಯಾಕ್ಯೂಮ್ ಪಂಪಿಗೂ ನಡುವೆ ಇದನ್ನು ಜೋಡಿಸುತ್ತೇವೆ, ಹೊರಗಿನಿಂದ ತಣ್ಣಗೆ ಮಾಡುತ್ತೇವೆ. ಫ್ಲಾಸ್ಕಿನಿಂದ ಹೊರಟ ಆವಿ ಇಲ್ಲಿಗೆ ಬಂದು, ಗೋಡೆಗೆ ತಾಗಿ, ದ್ರವವಾಗಿಯೋ ಗಡ್ಡೆಯಾಗಿಯೋ ಕೂತುಬಿಡುತ್ತದೆ.

ಟ್ರ್ಯಾಪ್ ಯಾಕೆ ಬೇಕು ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಪಂಪನ್ನು ಕಾಪಾಡುವುದಕ್ಕೆ. ಅದು ನಿಜ. ಆದರೆ ಅದು ಅರ್ಧ ಉತ್ತರ. ಆ ಅರ್ಧ ಉತ್ತರವನ್ನೇ ಪೂರ್ತಿ ಅಂದುಕೊಂಡಿರುವುದರಿಂದ ಎಷ್ಟೋ ಲ್ಯಾಬುಗಳಲ್ಲಿ ಟ್ರ್ಯಾಪನ್ನು ಯಾರೂ ಗಮನಿಸುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇನ್ನರ್ಧ. ಸ್ಯಾಂಪಲ್ ಒಣಗಿಸುವಾಗ ಆವಿಯನ್ನು ನಿಜವಾಗಿ ಎಳೆಯುವುದು ಈ ತಣ್ಣನೆಯ ಗೋಡೆ. ಪಂಪು ದಾರಿ ಖಾಲಿ ಮಾಡಿಕೊಡುತ್ತದೆ, ಅಷ್ಟೇ.

ಒಂದು ಲೆಕ್ಕ ಮಾಡೋಣ. ಒಂದು ಗ್ರಾಂ ನೀರು ತೆಗೆದುಕೊಳ್ಳಿ. ದ್ರವವಾಗಿದ್ದಾಗ ಅದು ಒಂದು ಮಿಲಿಲೀಟರ್. ಅದೇ ನೀರು ಒಂದು ಮಿಲಿಬಾರ್ ಒತ್ತಡದಲ್ಲಿ (ಹೊರಗಿನ ಗಾಳಿಯ ಒತ್ತಡದ ಸುಮಾರು ಸಾವಿರದಲ್ಲಿ ಒಂದು ಭಾಗ), ಕೋಣೆಯ ತಾಪದಲ್ಲಿ ಆವಿಯಾದರೆ ಎಷ್ಟು ಜಾಗ ತುಂಬುತ್ತದೆ ಗೊತ್ತಾ? ಸುಮಾರು 1350 ಲೀಟರ್. ಒಂದೇ ಒಂದು ಗ್ರಾಂ! ಗಂಟೆಗೆ 5 ಘನ ಮೀಟರ್ ಎಳೆಯುವ ಸಣ್ಣ ಪಂಪು ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಆ ಒಂದು ಗ್ರಾಮನ್ನು ಆವಿಯಾಗಿ ಹೊರಗೆ ಹಾಕಲು ಅದಕ್ಕೆ 16 ನಿಮಿಷ ಬೇಕು. 200 ಮಿಲಿಲೀಟರ್ ಸ್ಯಾಂಪಲ್ ಇದ್ದರೆ ಎರಡು ದಿನಕ್ಕಿಂತ ಜಾಸ್ತಿ. ಒತ್ತಡ ಇನ್ನೂ ಹತ್ತು ಪಟ್ಟು ಕಡಿಮೆ ಇಟ್ಟರೆ ಹತ್ತು ಪಟ್ಟು ಹೆಚ್ಚು ಹೊತ್ತು. ಈಗ ದಾರಿಯಲ್ಲಿ ಒಂದು ತಣ್ಣನೆಯ ಗೋಡೆ ಇಡಿ. ಆ 1350 ಲೀಟರ್ ಆವಿ ಗೋಡೆಗೆ ತಾಗಿದ ಕೂಡಲೇ ಮತ್ತೆ ಒಂದು ಮಿಲಿಲೀಟರಿನಷ್ಟು ಗಡ್ಡೆಯಾಗುತ್ತದೆ. ಅಲ್ಲಿ ಜಾಗ ಖಾಲಿಯಾಯಿತು. ಖಾಲಿಯಾದ ಜಾಗಕ್ಕೆ ಹಿಂದಿನ ಆವಿ ನುಗ್ಗಿ ಬರುತ್ತದೆ. ಇದನ್ನೇ ನಾನು ಎಳೆಯುವುದು ಅಂತ ಕರೆದದ್ದು. ಪಂಪಿಗೆ ಉಳಿಯುವ ಕೆಲಸ ಗಾಳಿಯನ್ನು ತೆಗೆಯುವುದು ಮಾತ್ರ, ಯಾಕೆಂದರೆ ಗಾಳಿ ಆ ತಣುಪಿಗೆ ಗಡ್ಡೆಯಾಗುವುದಿಲ್ಲ.

ಇದು ಮನಸ್ಸಿಗೆ ಬಂದರೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ಗೋಡೆ ಎಷ್ಟು ತಣ್ಣಗಿರಬೇಕು?

ಫ್ರೀಜ್ ಡ್ರೈಯರ್, ಅಂದರೆ ಸ್ಯಾಂಪಲನ್ನು ಗಡ್ಡೆಕಟ್ಟಿಸಿ ವ್ಯಾಕ್ಯೂಮಿನಲ್ಲಿ ಒಣಗಿಸುವ ಯಂತ್ರ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಈ ಸಂಖ್ಯೆಯನ್ನೇ. ಮೈನಸ್ 50 ಇದೆಯಾ, ಮೈನಸ್ 85 ಇದೆಯಾ, ಮೈನಸ್ 105 ಇದೆಯಾ? ಕಡಿಮೆ ಆದಷ್ಟೂ ಬೇಗ ಒಣಗುತ್ತದೆ ಅನ್ನುವ ನಂಬಿಕೆ. ಬರೀ ನೀರಿನ ಸ್ಯಾಂಪಲ್ ಆದರೆ ಈ ನಂಬಿಕೆ ನಿಲ್ಲುವುದಿಲ್ಲ. ಮಂಜುಗಡ್ಡೆಗೂ ಒಂದು ಆವಿಯೊತ್ತಡ, ಅಂದರೆ ಅದರಿಂದ ಏಳುವ ಆವಿ ಹಾಕುವ ಒತ್ತಡ, ಇರುತ್ತದೆ. ಮೈನಸ್ 20ರಲ್ಲಿ ಅದು ಸುಮಾರು 1 ಮಿಲಿಬಾರ್. ಮೈನಸ್ 50ರಲ್ಲಿ 0.04. ಮೈನಸ್ 80ಕ್ಕೆ ಇಳಿದರೆ 0.0005. ನಿಮ್ಮ ಗಟ್ಟಿಯಾದ ಸ್ಯಾಂಪಲ್ ಮೈನಸ್ 20ರಲ್ಲಿದೆ ಅನ್ನಿ. ಆವಿಯನ್ನು ನೂಕುವುದು ಆ ಕಡೆಗೂ ಈ ಕಡೆಗೂ ಇರುವ ಒತ್ತಡದ ವ್ಯತ್ಯಾಸ. ಟ್ರ್ಯಾಪ್ ಮೈನಸ್ 50ರಲ್ಲಿದ್ದರೆ ವ್ಯತ್ಯಾಸ 0.96. ಮೈನಸ್ 80ಕ್ಕೆ ಇಳಿಸಿದರೆ ಪೂರ್ತಿ 1. ಅಷ್ಟು ಖರ್ಚು ಮಾಡಿ ಸಿಕ್ಕಿದ್ದು ನೂರಕ್ಕೆ ನಾಲ್ಕು! ಅದೇ ಸ್ಯಾಂಪಲನ್ನು ಮೈನಸ್ 20ರಿಂದ ಮೈನಸ್ 15ಕ್ಕೆ ಏರಿಸಿದರೆ ಅದರ ಆವಿಯೊತ್ತಡ 1.65 ಮಿಲಿಬಾರ್ ಆಗುತ್ತದೆ. ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸ್ಯಾಂಪಲ್ ಕರಗದೆ ತಡೆದುಕೊಳ್ಳುವಷ್ಟು ಬೆಚ್ಚಗಿಡುವುದರಲ್ಲೇ ನಿಜವಾದ ವೇಗ ಇದೆ. ಟ್ರ್ಯಾಪಿನ ಸಂಖ್ಯೆಯನ್ನೇ ನೋಡುತ್ತಾ ಕೂತವರಿಗೆ ಇದು ಕಾಣುವುದಿಲ್ಲ.

ಹಾಗಾದರೆ ಮೈನಸ್ 85, ಮೈನಸ್ 105 ಯಾರಿಗೆ? ನೀರಲ್ಲದ ದ್ರಾವಕ ಬಳಸುವವರಿಗೆ. ಮೈನಸ್ 59 ಡಿಗ್ರಿಯಲ್ಲಿ ಅಸಿಟೋನಿನ ಆವಿಯೊತ್ತಡ ಸುಮಾರು 1.3 ಮಿಲಿಬಾರ್. ಅದೇ ತಾಪದಲ್ಲಿ ಮಂಜುಗಡ್ಡೆಯ ಆವಿಯೊತ್ತಡ ಅದರ ನೂರರಲ್ಲಿ ಒಂದು ಭಾಗ. ನೀರಿಗೆ ಕಲ್ಲುಗೋಡೆಯಾಗಿರುವ ತಣುಪು ಅಸಿಟೋನಿಗೆ ತೆರೆದ ಬಾಗಿಲು. ಡೈಈಥೈಲ್ ಈಥರ್ ಇನ್ನೂ ಹಠಮಾರಿ. ಡ್ರೈ ಐಸಿನ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ತಣುಪಿನ ಹತ್ತಿರ ಹತ್ತಿರ, ಮೈನಸ್ 74ರಲ್ಲೂ ಅದಕ್ಕೆ 1.3 ಮಿಲಿಬಾರ್ ಇರುತ್ತದೆ. ಡ್ರೈ ಐಸ್ ಹಾಕಿದ್ದೇವಲ್ಲ, ಈಥರ್ ಎಲ್ಲಾ ನಿಂತಿರುತ್ತದೆ ಅಂದುಕೊಳ್ಳಬೇಡಿ. ಪಂಪು ಜೋರಾಗಿ ಎಳೆಯುತ್ತಿದ್ದರೆ ಹಿಡಿದ ಈಥರ್ ಕೂಡ ಟ್ರ್ಯಾಪಿನಿಂದ ನಿಧಾನಕ್ಕೆ ಎದ್ದು ಪಂಪಿನ ಕಡೆಗೆ ಹೊರಟುಬಿಡುತ್ತದೆ.

ಅಸಿಟೋನೈಟ್ರೈಲ್ ಇದಕ್ಕೆ ತದ್ವಿರುದ್ಧ. ಅದು ಸುಮಾರು ಮೈನಸ್ 45ಕ್ಕೇ ಗಟ್ಟಿಯಾಗುತ್ತದೆ. ಮೆಥನಾಲ್ ಮೈನಸ್ 98ರ ತನಕ ದ್ರವ. ಕ್ರೊಮ್ಯಾಟೊಗ್ರಫಿ (ಮಿಶ್ರಣದ ಭಾಗಗಳನ್ನು ಬೇರ್ಪಡಿಸುವ ವಿಧಾನ) ಮಾಡುವವರು ಈ ಎರಡು ದ್ರಾವಕಗಳನ್ನೂ ದಿನಾ ಬಳಸುತ್ತಾರೆ. ಒಂದೇ ಟ್ರ್ಯಾಪಿನಲ್ಲಿ, ಒಂದೇ ಡ್ರೈ ಐಸಿನಲ್ಲಿ, ಮೆಥನಾಲ್ ಗೋಡೆಯಿಂದ ಇಳಿದು ತಳದಲ್ಲಿ ದ್ರವವಾಗಿ ಸೇರುತ್ತದೆ. ಅಸಿಟೋನೈಟ್ರೈಲ್ ಎಲ್ಲಿ ತಾಗಿತೋ ಅಲ್ಲೇ ಗಡ್ಡೆಕಟ್ಟುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಅದಕ್ಕೊಂದು ಘಟನೆ ಹೇಳುತ್ತೇನೆ.

ನಾನು ಕೆಲಸ ಕಲಿಯುತ್ತಿದ್ದ ಲ್ಯಾಬಿನಲ್ಲಿ ಒಂದು ಸಂಜೆ ಗಿಡದ ಬೇರಿನ ಸಾರವನ್ನು ಒಣಗಿಸಲು ಇಟ್ಟಿದ್ದೆವು. ನೀರು ಮತ್ತು ಅಸಿಟೋನೈಟ್ರೈಲ್ ಬೆರೆತ ಸಾರ. ಮೂರು ವಾರದ ಕೆಲಸ ಅದರಲ್ಲಿತ್ತು. ಮೊದಲ ಅರ್ಧ ಗಂಟೆ ಎಲ್ಲಾ ಸರಿಯಿತ್ತು. ಆಮೇಲೆ ಫ್ಲಾಸ್ಕಿನ ಹೊರಗಿನ ಹಿಮ ಕರಗತೊಡಗಿತು. ಒಣಗುತ್ತಿರುವ ಸ್ಯಾಂಪಲ್ ತಾನೇ ತಣ್ಣಗಾಗಿ ಹೊರಗೆ ಹಿಮ ಕಟ್ಟಿಕೊಂಡಿರಬೇಕು. ಅದು ಕರಗಿತು ಅಂದರೆ ಆವಿ ಹೋಗುವುದು ನಿಂತಿದೆ ಅಂತ ಅರ್ಥ. ಪಂಪಿನ ಹತ್ತಿರದ ಮೀಟರ್ ಮಾತ್ರ ಒಳ್ಳೆಯ ವ್ಯಾಕ್ಯೂಮ್ ತೋರಿಸುತ್ತಿತ್ತು. ನಮಗೆ ತಲೆಬುಡ ತಿಳಿಯಲಿಲ್ಲ. ಜಾಯಿಂಟುಗಳಿಗೆ ಗ್ರೀಸ್ ಹಚ್ಚಿದೆವು, ಪೈಪ್ ಬದಲಿಸಿದೆವು, ಪಂಪಿನ ಎಣ್ಣೆಯನ್ನೂ ನೋಡಿದೆವು. ಅಷ್ಟರಲ್ಲಿ ಗಟ್ಟಿಯಾಗಿದ್ದ ಸಾರ ಅಂಚಿನಲ್ಲಿ ಕರಗಿ, ನೊರೆಯೆದ್ದು, ಫ್ಲಾಸ್ಕಿನ ಕತ್ತಿನ ತನಕ ಬಂತು. ಕೊನೆಗೆ ಹಿರಿಯರೊಬ್ಬರು ಬಂದು ಟ್ರ್ಯಾಪನ್ನು ಡ್ಯೂವಾರಿನಿಂದ (ತಣುಪು ಹಿಡಿದಿಡುವ ಥರ್ಮಾಸಿನಂಥ ಪಾತ್ರೆ) ಎತ್ತಿ ಬೆಳಕಿಗೆ ಹಿಡಿದರು. ನಡುವಿನ ಸಣ್ಣ ಕೊಳವೆಯೊಳಗೆ ಬೆರಳುದ್ದದ ಬಿಳಿ ಬಿರಡೆ. ಪೈಪುಗಳು ಅದಲುಬದಲಾಗಿದ್ದವು. ಸ್ಯಾಂಪಲ್ ಕಡೆಯಿಂದ ಬಂದ ಆವಿ ಸಣ್ಣ ಕೊಳವೆಯಲ್ಲಿ ಇಳಿಯುತ್ತಿತ್ತು. ಗಡ್ಡೆಕಟ್ಟುವ ಆವಿಗೆ ಅಷ್ಟು ಕಿರಿದಾದ ದಾರಿ ಕೊಟ್ಟರೆ ಅದು ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಈ ಗಾಜನ್ನು ಮತ್ತೊಮ್ಮೆ ನೋಡಿ. ಪಕ್ಕದ ಬಾಯಿ ಎರಡು ಕೊಳವೆಗಳ ನಡುವಿನ ಅಗಲ ಜಾಗಕ್ಕೆ ತೆರೆಯುತ್ತದೆ. ಸ್ಯಾಂಪಲ್ಲಿನ ಪೈಪ್ ಇಲ್ಲಿಗೆ. ನಡುವಿನ ಸಣ್ಣ ಕೊಳವೆ ಪಂಪಿಗೆ. ಹೀಗೆ ಜೋಡಿಸಿದರೆ ಆವಿ ಮೊದಲು ಹೊರಗಿನ ದಪ್ಪ ಕೊಳವೆಯ ತಣ್ಣನೆಯ ಗೋಡೆಗೆ ತಾಗುತ್ತದೆ, ಅಲ್ಲಿ ಬೇಕಾದಷ್ಟು ಜಾಗ ಇದೆ. ತಳ ತಲುಪಿ ಸಣ್ಣ ಕೊಳವೆ ಹತ್ತುವ ಹೊತ್ತಿಗೆ ಅದರಲ್ಲಿ ಗಡ್ಡೆಯಾಗುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಆವತ್ತಿನಿಂದ ನಾನು ಪೈಪುಗಳಿಗೆ ಬಣ್ಣದ ಟೇಪು ಸುತ್ತಿಡುತ್ತೇನೆ. ನೀವೂ ಸುತ್ತಿಡಿ.

ಇನ್ನು ತಣ್ಣಗೆ ಮಾಡುವ ಬಗೆ. ಐಸಿಗೆ ಉಪ್ಪು ಬೆರೆಸಿದರೆ ಮೈನಸ್ 10ರಿಂದ ಮೈನಸ್ 20ರ ತನಕ ಸಿಗುತ್ತದೆ. ನೀರನ್ನು ಒರಟಾಗಿ ಹಿಡಿಯಲು ಪರವಾಗಿಲ್ಲ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಡ್ರೈ ಐಸ್ ಮೈನಸ್ 78.5. ಆದರೆ ಡ್ರೈ ಐಸ್ ತುಂಡುಗಳನ್ನು ಸುಮ್ನೆ ಟ್ರ್ಯಾಪಿನ ಸುತ್ತ ತುಂಬಿದರೆ ಪ್ರಯೋಜನ ಕಡಿಮೆ. ತುಂಡು ಗಾಜಿಗೆ ತಾಗುವುದು ಅಲ್ಲೊಂದು ಇಲ್ಲೊಂದು ಕಡೆ, ಉಳಿದದ್ದೆಲ್ಲಾ ಸಂದು. ಆ ಸಂದನ್ನು ತುಂಬುವುದಕ್ಕೇ ಐಸೊಪ್ರೊಪನಾಲ್ ಅಥವಾ ಅಸಿಟೋನ್ ಹಾಕುವುದು. ನಾನು ಐಸೊಪ್ರೊಪನಾಲನ್ನೇ ಆರಿಸುತ್ತೇನೆ, ಅಸಿಟೋನಿನಷ್ಟು ಸುಲಭಕ್ಕೆ ಅದರ ಆವಿಗೆ ಬೆಂಕಿ ಹತ್ತುವುದಿಲ್ಲ. ಮೊದಲು ದ್ರವ ಹಾಕಿ, ಆಮೇಲೆ ಪುಡಿಮಾಡಿದ ಡ್ರೈ ಐಸನ್ನು ಚಮಚ ಚಮಚವಾಗಿ ಹಾಕಿ. ಅವಸರ ಮಾಡಿದರೆ ಬುಸ್ಸೆಂದು ನೊರೆಯೆದ್ದು ಕೈಮೇಲೆ ಬರುತ್ತದೆ. ಒಂದು ಹಂತದಲ್ಲಿ ಗುಳ್ಳೆಯ ಸದ್ದು ಇಳಿಯುತ್ತದೆ, ದ್ರವ ಮಂದವಾಗುತ್ತದೆ, ಹಾಕಿದ ತುಂಡು ಹಾಗೇ ತಳದಲ್ಲಿ ಕೂರುತ್ತದೆ. ಆಗ ತಣುಪು ಸಿದ್ಧ. ಥರ್ಮಾಮೀಟರ್ ಇಲ್ಲದೆಯೂ ಕಿವಿಯಿಂದಲೇ ಇದನ್ನು ಹೇಳಬಹುದು. ಕೋಣೆಯ ಕಿಟಕಿ ತೆರೆದಿರಲಿ, ಡ್ರೈ ಐಸ್ ಹೋಗುವುದು ಕಾರ್ಬನ್ ಡೈಆಕ್ಸೈಡಾಗಿ, ಅದು ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ.

ಎಷ್ಟು ಡ್ರೈ ಐಸ್ ಬೇಕು ಅನ್ನುವುದನ್ನೂ ಲೆಕ್ಕ ಹಾಕಿಕೊಳ್ಳಿ. ಒಂದು ಗ್ರಾಂ ನೀರಾವಿ ಮಂಜುಗಡ್ಡೆಯಾಗುವಾಗ ಸುಮಾರು 2840 ಜೂಲ್ ಶಾಖ ಬಿಡುತ್ತದೆ. ಒಂದು ಗ್ರಾಂ ಡ್ರೈ ಐಸ್ ಆವಿಯಾಗುವಾಗ ಹೀರುವುದು 571 ಜೂಲ್. ಅಂದರೆ ಹಿಡಿದ ಪ್ರತಿ ಗ್ರಾಂ ನೀರಿಗೆ ಐದು ಗ್ರಾಂ ಡ್ರೈ ಐಸ್. ದ್ರವ ಸಾರಜನಕವಾದರೆ ಗ್ರಾಮಿಗೆ 199 ಜೂಲ್ ಮಾತ್ರ, ಹಾಗಾಗಿ ಹದಿನಾಲ್ಕು ಗ್ರಾಂ. ಇದು ಆವಿಗೆ ಮಾತ್ರ ಆಗುವ ಖರ್ಚು, ಕೋಣೆಯಿಂದ ನುಸುಳುವ ಶಾಖ ಬೇರೆ. ರಾತ್ರಿಯಿಡೀ ಬಿಟ್ಟುಹೋಗುವವರು ಈ ಲೆಕ್ಕ ಮಾಡದಿದ್ದರೆ ಬೆಳಗಿನ ಜಾವ ಮೂರಕ್ಕೆ ಟ್ರ್ಯಾಪ್ ಬೆಚ್ಚಗಾಗಿರುತ್ತದೆ. ಹಿಡಿದದ್ದೆಲ್ಲಾ ಪಂಪಿಗೆ ಹೋಗುತ್ತದೆ. ಎಣ್ಣೆ ಪಂಪಿನ ಒಳಗೆ ಆವಿ ಒತ್ತಿಕೊಂಡು ದ್ರವವಾಗುತ್ತದೆ, ಎಣ್ಣೆಯಲ್ಲಿ ಬೆರೆಯುತ್ತದೆ. ಆಮೇಲೆ ಆ ಎಣ್ಣೆಯಿಂದ ಮೇಲೇಳುವ ಆವಿಯೇ ವ್ಯಾಕ್ಯೂಮನ್ನು ಕೆಡಿಸುತ್ತದೆ. ಪಂಪಿನ ಕಿಂಡಿಯಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತಲೇ ಅರ್ಥ. ಇದಕ್ಕೆ ಪರಿಹಾರವಾಗಿ 1935ರಲ್ಲಿ ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಗೇಡೆ ಗ್ಯಾಸ್ ಬ್ಯಾಲಸ್ಟ್ ಕಂಡುಹಿಡಿದರು. ಪಂಪಿನೊಳಗೆ ಸ್ವಲ್ಪ ಗಾಳಿ ಬಿಟ್ಟು, ಆವಿ ದ್ರವವಾಗುವ ಮೊದಲೇ ಅದನ್ನು ಗಾಳಿಯ ಜೊತೆ ಹೊರಗೆ ತಳ್ಳುವ ಉಪಾಯ. ಒಳ್ಳೆಯ ಉಪಾಯವೇ. ಆದರೆ ಟ್ರ್ಯಾಪಿಗೆ ಬದಲಿ ಅಲ್ಲ. ಟ್ರೈಫ್ಲೋರೊಅಸಿಟಿಕ್ ಆಮ್ಲದಂಥ ಆವಿ ಒಮ್ಮೆ ಪಂಪಿನ ಲೋಹವನ್ನು ಮುಟ್ಟಿತು ಅಂದರೆ ಮುಟ್ಟಿತು.

ಇಲ್ಲಿಯ ತನಕ ಹೇಳಿದ್ದೆಲ್ಲಾ ಬೇಡವಾದ ಆವಿಯನ್ನು ಹಿಡಿಯುವ ಕಥೆ. ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಟ್ರ್ಯಾಪಿನಲ್ಲಿ ಕೂತದ್ದೇ ಸ್ಯಾಂಪಲ್ ಆಗಿರುವ ಕೆಲಸ.

ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರ ಹೆಸರು ಕೇಳಿರುತ್ತೀರಿ. 1958ರ ಮಾರ್ಚಿನಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರುಮಾಡಿದವರು. ಮೊದಲ ಅಳತೆ ಹತ್ತು ಲಕ್ಷಕ್ಕೆ 313 ಭಾಗ. ಬೆಟ್ಟದ ಮೇಲೆ ಇಟ್ಟಿದ್ದು ಇನ್‌ಫ್ರಾರೆಡ್ ಯಂತ್ರ, ನಿಜ. ಆದರೆ ಆ ಯಂತ್ರ ಹೇಳಿದ್ದು ಸರಿಯೋ ತಪ್ಪೋ ಅಂತ ತೀರ್ಮಾನಿಸುತ್ತಿದ್ದದ್ದು ಲ್ಯಾಬಿನ ಪಾದರಸದ ಮಾನೋಮೀಟರ್, ಅಂದರೆ ಅನಿಲದ ಒತ್ತಡ ಅಳೆಯುವ ಸಾಧನ. ಅದರ ಹಿಂದೆ ಇದ್ದದ್ದು ಕೋಲ್ಡ್ ಟ್ರ್ಯಾಪ್. ಅಳತೆ ಮಾಡಿದ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ನಿಧಾನವಾಗಿ ದ್ರವ ಸಾರಜನಕದ ಟ್ರ್ಯಾಪಿನ ಮೂಲಕ ಹಾಯಿಸಿದರೆ ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಗಡ್ಡೆಯಾಗಿ ನಿಲ್ಲುತ್ತವೆ. ಸಾರಜನಕ, ಆಮ್ಲಜನಕ, ಆರ್ಗಾನ್ ಮುಂದೆ ಹೋಗುತ್ತವೆ. ಆಮೇಲೆ ಟ್ರ್ಯಾಪಿನ ಕೆಳಗಿನ ಡ್ಯೂವಾರ್ ಬದಲಿಸಿ ಡ್ರೈ ಐಸ್ ಇಟ್ಟರೆ ಕಾರ್ಬನ್ ಡೈಆಕ್ಸೈಡ್ ಎದ್ದು ಹೊರಡುತ್ತದೆ, ನೀರು ಅಲ್ಲೇ ಉಳಿಯುತ್ತದೆ. ಎರಡು ತಣುಪು, ಎರಡು ಜಾಲರಿ. ಗಾಳಿಯಲ್ಲಿ ಅಷ್ಟು ಕಡಿಮೆ ಇರುವ ಅನಿಲ ಹೀಗೆ ಶುದ್ಧವಾಗಿ ಕೈಗೆ ಬಂತು. ಇಲ್ಲೂ ಒಂದು ಮಿತಿ ಇದೆ. ನೈಟ್ರಸ್ ಆಕ್ಸೈಡ್ ಎಂಬ ಅನಿಲ ತಣುಪಿನ ವಿಷಯದಲ್ಲಿ ಕಾರ್ಬನ್ ಡೈಆಕ್ಸೈಡಿನ ಅವಳಿಯಂತೆ. ಎರಡೂ ಒಟ್ಟಿಗೇ ನಿಲ್ಲುತ್ತವೆ, ಒಟ್ಟಿಗೇ ಹೊರಡುತ್ತವೆ. ಅದನ್ನು ಲೆಕ್ಕದಲ್ಲಿ ಕಳೆಯಬೇಕೇ ಹೊರತು ಟ್ರ್ಯಾಪಿನಿಂದ ಬೇರೆ ಮಾಡಲಾಗುವುದಿಲ್ಲ.

ಇನ್ನೊಂದು ಉದಾಹರಣೆ ಮಣ್ಣಿನ ನೀರು. ಮರ ಯಾವ ಆಳದ ನೀರು ಕುಡಿಯುತ್ತಿದೆ ಅಂತ ತಿಳಿಯಲು ಮಣ್ಣಿನಿಂದ, ಕಾಂಡದಿಂದ ನೀರು ತೆಗೆದು ಅದರ ಆಮ್ಲಜನಕದ ಐಸೊಟೋಪು (ಒಂದೇ ಧಾತುವಿನ ಹಗುರ, ಭಾರ ರೂಪಗಳು) ನೋಡುತ್ತಾರೆ. ಸ್ಯಾಂಪಲನ್ನು ವ್ಯಾಕ್ಯೂಮಿನಲ್ಲಿ ಬಿಸಿಮಾಡಿ, ಬಂದ ಆವಿಯನ್ನು ದ್ರವ ಸಾರಜನಕದಲ್ಲಿಟ್ಟ ಕೊಳವೆಯಲ್ಲಿ ಹಿಡಿಯುತ್ತಾರೆ. ಇಲ್ಲಿ ಅವಸರ ಮಾಡಿದರೆ ಕೆಲಸ ಕೆಟ್ಟಂತೆಯೇ. ಹಗುರ ಐಸೊಟೋಪಿನ ನೀರು ಮೊದಲು ಏಳುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ನೂರಕ್ಕೆ ತೊಂಬತ್ತು ನೀರು ಬಂತಲ್ಲ, ಸಾಕು ಅಂತ ನಿಲ್ಲಿಸಿದರೆ ಕೈಗೆ ಸಿಕ್ಕಿದ್ದು ಮಣ್ಣಿನ ನೀರಲ್ಲ, ಅದರ ಹಗುರವಾದ ಭಾಗ. ಯಂತ್ರ ಎಷ್ಟೇ ನಿಖರವಾಗಿದ್ದರೂ ಉತ್ತರ ತಪ್ಪು. ಹಾಗಾಗಿ ಮೊದಲು ತೂಗಿ, ಆಮೇಲೆ ತೂಗಿ, ಮಣ್ಣನ್ನು ಒಲೆಯಲ್ಲಿ ಮತ್ತೆ ಒಣಗಿಸಿ ಇನ್ನೊಮ್ಮೆ ತೂಗಿ. ತಕ್ಕಡಿ ಒಪ್ಪಿದ ಮೇಲೆಯೇ ಟ್ರ್ಯಾಪಿನ ಬಾಯಿ ಮುಚ್ಚಿ.

ವ್ಯಾಕ್ಯೂಮ್ ಇಲ್ಲದೆ, ಅನಿಲವನ್ನು ಹರಿಸಿ ಆವಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ಆವಿ ತುಂಬಿದ ಅನಿಲ ಇದ್ದಕ್ಕಿದ್ದಂತೆ ತೀರಾ ತಣ್ಣಗಾದರೆ ಗೋಡೆಗೆ ತಾಗುವ ಮೊದಲೇ ನಡುವಿನಲ್ಲೇ ಮಂಜು ಕಟ್ಟುತ್ತದೆ. ಆ ಸಣ್ಣ ಹನಿಗಳು ಹರಿವಿನ ಜೊತೆ ತೇಲಿಕೊಂಡು ಹೊರಗೆ ಹೋಗುತ್ತವೆ. ಇನ್ನೂ ತಣ್ಣಗೆ ಮಾಡಿದರೆ ನಷ್ಟ ಇನ್ನೂ ಜಾಸ್ತಿಯಾಗಬಹುದು! ಹರಿವು ನಿಧಾನ ಮಾಡಿ, ಒಳಗೆ ಗಾಜಿನ ಮಣಿ ತುಂಬಿ, ಇಲ್ಲವೇ ಮೊದಲು ಸಾಧಾರಣ ತಣುಪಿನ ಟ್ರ್ಯಾಪ್, ಆಮೇಲೆ ಗಾಢ ತಣುಪಿನದು ಇಡಿ.

ಈಗ ದ್ರವ ಸಾರಜನಕದ ಅಪಾಯ. ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ದ್ರವ ಸಾರಜನಕ ಮೈನಸ್ 196. ಆಮ್ಲಜನಕ ದ್ರವವಾಗುವುದು ಮೈನಸ್ 183ಕ್ಕೆ. ಅಂದರೆ ಗಾಳಿಗೆ ತೆರೆದ ಟ್ರ್ಯಾಪನ್ನು ದ್ರವ ಸಾರಜನಕದಲ್ಲಿ ಇಟ್ಟರೆ ಗಾಳಿಯ ಆಮ್ಲಜನಕವೇ ಒಳಗೆ ದ್ರವವಾಗಿ ಸೇರುತ್ತದೆ. ಅಲ್ಲಿ ಆಗಲೇ ಸಾಲ್ವೆಂಟ್, ಅಂದರೆ ದ್ರಾವಕ, ಇದೆ. ದ್ರವ ಆಮ್ಲಜನಕ ಮತ್ತು ಸಾಲ್ವೆಂಟ್ ಸೇರಿದರೆ ಅದು ಸಿಡಿಮದ್ದು. ವ್ಯಾಕ್ಯೂಮ್ ಚೆನ್ನಾಗಿದ್ದರೆ ಹೀಗಾಗುವುದಿಲ್ಲ, ಯಾಕೆಂದರೆ ಆ ತಾಪದಲ್ಲಿ ದ್ರವ ಆಮ್ಲಜನಕದ ಆವಿಯೊತ್ತಡ ಸುಮಾರು 200 ಮಿಲಿಬಾರ್, ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಅದು ನಿಲ್ಲಲಾರದು. ಆದ್ದರಿಂದ ಕ್ರಮ ಹೀಗೆ: ಮೊದಲು ಪಂಪ್ ಹಚ್ಚಿ, ವ್ಯಾಕ್ಯೂಮ್ ಬಂದದ್ದನ್ನು ಮೀಟರಿನಲ್ಲಿ ನೋಡಿ, ಆಮೇಲೆ ಡ್ಯೂವಾರ್ ಏರಿಸಿ. ಮುಗಿಸುವಾಗ ಮೊದಲು ಡ್ಯೂವಾರ್ ಇಳಿಸಿ, ಆಮೇಲೆ ಗಾಳಿ ಬಿಡಿ. ದ್ರವ ಸಾರಜನಕ ಸುತ್ತ ಇರುವಾಗ ಟ್ರ್ಯಾಪಿನೊಳಗೆ ಗಾಳಿ ಬಿಡಲೇಬಾರದು. ಎಲ್ಲಾದರೂ ಸೋರಿಕೆ ಇದ್ದರೂ ಅದೇ ಅಪಾಯ.

ಟ್ರ್ಯಾಪಿನ ತಳದಲ್ಲಿ ತೆಳು ನೀಲಿ ದ್ರವ ಕಂಡರೆ ಅದು ಆಮ್ಲಜನಕ. ಡ್ಯೂವಾರ್ ತೆಗೆಯಬೇಡಿ, ಪಂಪ್ ನಿಲ್ಲಿಸಬೇಡಿ, ಯಾವ ವಾಲ್ವನ್ನೂ ಮುಚ್ಚಬೇಡಿ. ಫ್ಯೂಮ್ ಹುಡ್ಡಿನ (ಆವಿಯನ್ನು ಹೊರಗೆಳೆಯುವ ಗಾಜಿನ ಗೂಡು) ಗಾಜು ಇಳಿಸಿ, ಕೋಣೆಯಲ್ಲಿರುವ ಎಲ್ಲರನ್ನೂ ಹೊರಗೆ ಕಳಿಸಿ, ಅನುಭವ ಇರುವವರನ್ನು ಕರೆಯಿರಿ. ಆರ್ಗಾನ್ ಬಳಸುವವರಿಗೆ ಇನ್ನೊಂದು ಮಾತು. ಆರ್ಗಾನ್ ಮೈನಸ್ 189ಕ್ಕೆ ಗಟ್ಟಿಯಾಗುತ್ತದೆ. ಟ್ರ್ಯಾಪಿನಲ್ಲಿ ಬಿಳಿಯಾಗಿ ಕೂತಿರುವಾಗ ನೋಡಿದರೆ ಸಾಲ್ವೆಂಟಿನ ಗಡ್ಡೆಯಂತೆಯೇ ಕಾಣುತ್ತದೆ. ವಾಲ್ವ್ ಮುಚ್ಚಿ ಡ್ಯೂವಾರ್ ಇಳಿಸಿದರೆ ಅದು 800 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಗಾಜು ತಡೆಯುವುದಿಲ್ಲ. ಡ್ರೈ ಐಸಿನಲ್ಲಿ ಆಗುವ ಕೆಲಸಕ್ಕೆ ದ್ರವ ಸಾರಜನಕ ತರಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಮೈನಸ್ 78ರಲ್ಲಿ ಈ ಎರಡು ಅಪಾಯವೂ ಇಲ್ಲ.

ಕೊನೆಗೆ ಕೆಲಸ ಮುಗಿದ ಮೇಲಿನ ಹದಿನೈದು ನಿಮಿಷ. ಸ್ಯಾಂಪಲ್ ಒಣಗಿತು ಅಂತ ಎಲ್ಲರೂ ಫ್ಲಾಸ್ಕ್ ತೆಗೆದುಕೊಂಡು ಹೊರಟುಬಿಡುತ್ತಾರೆ, ಅಲ್ವಾ? ಟ್ರ್ಯಾಪ್ ಅಲ್ಲೇ ಕರಗುತ್ತಾ ಕೂತಿರುತ್ತದೆ. ಮರುದಿನ ಬರುವವರಿಗೆ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ. ನಿನ್ನೆಯ ಆಮ್ಲದ ಮೇಲೆ ಇವತ್ತಿನ ಅಮೀನ್ (ಆಮ್ಲದ ಜೊತೆ ವರ್ತಿಸುವ ಕ್ಷಾರ) ಬಂದು ಬೀಳುತ್ತದೆ. ಇಲ್ಲವೇ ತಳದ ದ್ರವ ಸಣ್ಣ ಕೊಳವೆಯ ತುದಿ ಮುಟ್ಟಿರುತ್ತದೆ, ಪಂಪ್ ಹಚ್ಚಿದ ಕೂಡಲೇ ಅಷ್ಟೂ ಒಳಗೆ ಹೀರಿಕೊಳ್ಳುತ್ತದೆ. ಆದ್ದರಿಂದ ಟ್ರ್ಯಾಪನ್ನು ಹುಡ್ಡಿನೊಳಗೆ, ಬಾಯಿ ತೆರೆದಿಟ್ಟು, ತಾನಾಗಿಯೇ ಕರಗಲು ಬಿಡಿ. ಬಿಸಿನೀರಲ್ಲಿ ಅದ್ದಬೇಡಿ, ಗಾಜು ಸೀಳುತ್ತದೆ. ಕರಗಿದ್ದನ್ನು ಸರಿಯಾದ ತ್ಯಾಜ್ಯದ ಬಾಟಲಿಗೆ ಸುರಿಯಿರಿ. ಎಷ್ಟು ಬಂತು ಅಂತ ಅಳೆದು ಪುಸ್ತಕದಲ್ಲಿ ಬರೆಯಿರಿ. ಫ್ಲಾಸ್ಕಿನಿಂದ ಹೋದದ್ದು 180 ಮಿಲಿಲೀಟರ್, ಟ್ರ್ಯಾಪಿನಲ್ಲಿ ಸಿಕ್ಕಿದ್ದು 150 ಅಂತಾದರೆ ಉಳಿದ 30 ಎಲ್ಲಿ ಹೋಯಿತು ಅಂತ ನಿಮಗೆ ಈಗ ಗೊತ್ತು. ಆವತ್ತೇ ಪಂಪಿನ ಎಣ್ಣೆ ನೋಡಿ. ಆಮೇಲೆ ಟ್ರ್ಯಾಪ್ ತೊಳೆದು, ಬಾಯಿ ಕೆಳಗೆ ಮಾಡಿ ಸ್ಟ್ಯಾಂಡಿಗೆ ತೂಗುಹಾಕಿ. ನಾಳೆ ಬೆಳಿಗ್ಗೆ ಬರುವವರ ಕೈಗೆ ಅದು ಒಣಗಿಯೇ ಸಿಗಲಿ.